ಹಡಗು ಹತ್ತದೇ ಸಮುದ್ರದ ತಳ ಬರೆದ ಮೇರಿ ಥಾರ್ಪ್

ಡ್ರಾಯಿಂಗ್ ಶೀಟ್ ಮುಂದೆ ರಾತ್ರಿಯೆಲ್ಲಾ ಕೂತು ಬೈಕೊಂಡವರು ನಾವೆಲ್ಲ. ಅದೇ ಥರ ಡ್ರಾಯಿಂಗ್ ಟೇಬಲ್ ಮುಂದೆ ವರ್ಷಗಟ್ಟಲೆ ಕೂತು, ಭೂವಿಜ್ಞಾನವನ್ನೇ ಅಲುಗಾಡಿಸಿದವರು ಮೇರಿ ಥಾರ್ಪ್.

ಹುಟ್ಟಿದ್ದು 1920ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಅಪ್ಪನದು ಮಣ್ಣಿನ ಸರ್ವೆ ಮಾಡೋ ಸರ್ಕಾರಿ ಕೆಲಸ. ಎರಡನೇ ಮಹಾಯುದ್ಧಕ್ಕೆ ಹುಡುಗರೆಲ್ಲ ಹೋದಾಗ ಮಿಷಿಗನ್ ವಿಶ್ವವಿದ್ಯಾಲಯ ಭೂವಿಜ್ಞಾನಕ್ಕೆ ಹುಡುಗಿಯರನ್ನೂ ಸೇರಿಸಿಕೊಂಡಿತು. ಮೇರಿಗೆ ಸಿಕ್ಕಿದ್ದು ಆ ಅವಕಾಶ. ಆಮೇಲೆ ಗಣಿತದಲ್ಲೂ ಡಿಗ್ರಿ ಮಾಡಿ, 1948ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದರು.

ಆಗ ಸಂಶೋಧನಾ ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಹಾಗಾಗಿ ಬ್ರೂಸ್ ಹೀಜನ್ ಸಮುದ್ರಕ್ಕೆ ಹೋಗಿ ಡೇಟಾ ತರೋದು, ಮೇರಿ ಪ್ಲಾಟ್ ಮಾಡೋದು. ಹಡಗಿನ ಎಕೋ ಸೌಂಡರ್ ಶಬ್ದ ಕಳಿಸುತ್ತೆ, ಅದು ತಳಕ್ಕೆ ಬಡಿದು ವಾಪಸ್ ಬರುತ್ತೆ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 4 ಸೆಕೆಂಡಿಗೆ ವಾಪಸ್ ಬಂದರೆ ಆಳ 3000 ಮೀಟರ್. ಇಂಥ ಸಾವಿರಾರು ಅಂಕಿಗಳನ್ನು ಮೇರಿ ಕೈಯಲ್ಲೇ ಗುರುತು ಹಾಕಿದರು.

1952ರಲ್ಲಿ ಅಟ್ಲಾಂಟಿಕ್‌ನ ಪ್ರೊಫೈಲ್‌ಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಒಂದು ವಿಷಯ ಕಂಡಿತು. ಸಮುದ್ರದ ಮಧ್ಯದ ಪರ್ವತಸಾಲಿನ ನೆತ್ತಿಯಲ್ಲಿ ಒಂದು ಆಳವಾದ ಸೀಳು. ಸೀಳಿದೆ ಅಂದ್ರೆ ತಳ ಎರಡೂ ಕಡೆಗೆ ಸರಿಯುತ್ತಿದೆ, ಖಂಡಗಳು ಚಲಿಸುತ್ತಿವೆ ಅಂತ ಅರ್ಥ! ಆ ಕಾಲದ ಅಮೆರಿಕದಲ್ಲಿ ಹಾಗಂದ್ರೆ ನಗುತ್ತಿದ್ದರು. ಹೀಜನ್ ಕೂಡ ಇದು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು.

ಮೇರಿ ಜಗಳಕ್ಕೆ ಹೋಗಲಿಲ್ಲ, ಮತ್ತೆ ಪ್ಲಾಟ್ ಮಾಡಿದರು. ಅದೇ ಲ್ಯಾಬ್‌ನಲ್ಲಿ ಹೊವಾರ್ಡ್ ಫಾಸ್ಟರ್ ಸಮುದ್ರದ ಭೂಕಂಪಗಳನ್ನು ಅದೇ ಸ್ಕೇಲ್‌ನಲ್ಲಿ ಗುರುತಿಸುತ್ತಿದ್ದರು. ಎರಡೂ ಮ್ಯಾಪ್‌ಗಳನ್ನು ಲೈಟ್ ಟೇಬಲ್ ಮೇಲೆ ಒಂದರ ಮೇಲೊಂದು ಇಟ್ಟರೆ, ಭೂಕಂಪದ ಚುಕ್ಕೆಗಳೆಲ್ಲ ಮೇರಿಯ ಸೀಳಿನ ಉದ್ದಕ್ಕೂ ಬಿದ್ದವು. ಹೀಜನ್ ಒಪ್ಪಲೇಬೇಕಾಯಿತು. 1959ರಲ್ಲಿ ಜಾಕ್ ಕೂಸ್ತೋ ಆ ಸೀಳಿನ ಫಿಲ್ಮ್ ತೋರಿಸಿದ ಮೇಲೆ ಉಳಿದವರೂ ನಂಬತೊಡಗಿದರು.

1977 ಮರೆಯಲಾಗದ ವರ್ಷ. ಮೇರಿ-ಹೀಜನ್ ಜೋಡಿಯ ಇಡೀ ಜಗತ್ತಿನ ಸಮುದ್ರತಳದ ಮ್ಯಾಪ್ ಮುಗಿಯಿತು. ಅದೇ ವರ್ಷ ಹೀಜನ್ ತೀರಿಕೊಂಡರು. ಅದೇ ವರ್ಷ ಆಲ್ವಿನ್ ಅನ್ನೋ ಸಬ್‌ಮರ್ಸಿಬಲ್ ಗ್ಯಾಲಪಗೋಸ್ ಹತ್ತಿರ, ಇಂಥದ್ದೇ ಇನ್ನೊಂದು ಸೀಳಿಗೆ ಸುಮಾರು 2500 ಮೀಟರ್ ಇಳಿಯಿತು. ಅಲ್ಲಿ ಬಿಸಿನೀರಿನ ಬುಗ್ಗೆಗಳು, ಅವುಗಳ ಸುತ್ತ ಬಾಯಿ-ಹೊಟ್ಟೆ ಇಲ್ಲದ ಉದ್ದುದ್ದ ಕೊಳವೆ ಹುಳುಗಳು! ಅವುಗಳ ಮೈಯೊಳಗಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಳಸಿ ಆಹಾರ ತಯಾರಿಸುತ್ತವೆ, ಬಿಸಿಲೇ ಬೇಕಿಲ್ಲ.

ಮೇರಿ 2006ರಲ್ಲಿ ತೀರಿಕೊಂಡರು. ಸೀಳು ಸುಳ್ಳು ಅಂದವರ ಮಾತಿಗೆ ಅವರು ಅದನ್ನು ಅಳಿಸಿಬಿಟ್ಟಿದ್ದರೆ? ಡೇಟಾ ಸರಿ ಇದ್ದರೆ ರಬ್ಬರ್ ಕೆಳಗಿಡಿ. ಅವರಿಂದ ನಾವು ಕಲಿಯಬೇಕಾದ್ದು ಇಷ್ಟೇ.