ಪಂಡಿತಾ ರಮಾಬಾಯಿ: ಪ್ರಾರ್ಥನೆಯೂ ಆರೈಕೆಯೂ

ಕುಂದಾಪುರದ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಂಗಿ ನನ್ನ ಹತ್ರ ಬಂದು, ತಿಂಗಳಿಂದ ನಿದ್ರೆಯಿಲ್ಲ, ಏನೂ ಬೇಡ ಅನ್ಸುತ್ತೆ ಅಂದಳು. ಇನ್ನೂ ಹೆಚ್ಚು ಪ್ರಾರ್ಥನೆ ಮಾಡಮ್ಮ ಅಂತ ಕಳಿಸಿಬಿಟ್ಟೆ. ಅದು ನನ್ನ ತಪ್ಪು. ಅವಳೇ ಹೇಳಿ ಅಂದದ್ದಕ್ಕೆ ಇವತ್ತು ಹೇಳ್ತಿದ್ದೇನೆ.

ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಕಾರ್ಕಳದ ಆಚೆ, ಘಟ್ಟದ ಗಂಗಾಮೂಲ ಕಾಡಿನಲ್ಲಿ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ. 24 ತುಂಬುವ ಮೊದಲೇ ವಿಧವೆ, ಮಡಿಲಲ್ಲಿ ಪುಟ್ಟ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು.

ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ ಬಂತು. ಅದನ್ನು ನಾವು ಸಭೆಯಲ್ಲಿ ಹೇಳ್ತಾನೇ ಇರ್ತೇವೆ. ಆದರೆ ನೊಂದು ಬಂದ ಬಾಲವಿಧವೆಯರಿಗೆ ಅವರು ಊಟ, ಸೂರು, ಓದು, ಕೈಕೆಲಸ ಎಲ್ಲ ಕೊಟ್ಟದ್ದನ್ನು ಹೇಳೋದೇ ಇಲ್ಲ. ಅಲ್ಲಿ ಪ್ರಾರ್ಥನೆಯೂ ಇತ್ತು, ಆರೈಕೆಯೂ ಇತ್ತು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. ಮರುವರ್ಷ ಏಪ್ರಿಲ್ 5ಕ್ಕೆ ರಮಾಬಾಯಿಯೂ ಕರ್ತನ ಬಳಿಗೆ ಹೋದರು.

ಆ ತಂಗಿಗೆ ಕ್ಷಮೆ ಕೇಳಿದೆ. ಈಗ ಕೌನ್ಸೆಲರ್ ಹತ್ರಾನೂ ಹೋಗ್ತಾಳೆ, ಸಭೆಗೂ ಬರ್ತಾಳೆ. ನಿಮ್ಮ ಮನಸ್ಸೂ ಭಾರವಾಗಿದ್ರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನನಗೂ ಮಾಡಿ. ಈ ಸಲ ಮೊದಲು ಕೇಳಿಸಿಕೊಳ್ತೇನೆ, ಆಮೇಲೆ ಒಟ್ಟಿಗೆ ಪ್ರಾರ್ಥಿಸೋಣ. ಆಮೆನ್.