ಗುರಿ ತಾನೇ ಹುಡುಕಿ ಬಂದ ಬಾಳು: ಡಾಕ್ಟರ್ ಪಲ್ಪು

ನವೆಂಬರ್ 1 ಕನ್ನಡಿಗರಿಗೂ ಮಲೆಯಾಳಿಗಳಿಗೂ ಒಂದೇ ಹಬ್ಬ. 1956ನೆಯ ಇಸವಿಯ ಆ ದಿನ ವಿಶಾಲ ಮೈಸೂರು ರಾಜ್ಯವೂ ಕೇರಳ ರಾಜ್ಯವೂ ಒಟ್ಟಿಗೆ ಹುಟ್ಟಿದವು. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲೆಸಿರುವ ನಾವು ತಾಯಿ ಭುವನೇಶ್ವರಿಗೆ ಕೈಮುಗಿಯುವ ಹೊತ್ತಿನಲ್ಲಿಯೇ ನೆರೆಮನೆಯವರು ಕೇರಳಪ್ಪಿರವಿಯ ಸಂಭ್ರಮದಲ್ಲಿರುತ್ತಾರೆ. ಅದರ ಮಾರನೆಯ ದಿನ, ನವೆಂಬರ್ 2, ಈ ಎರಡು ನಾಡುಗಳಿಗೂ ಸೇರಿದ ಹಿರಿಯರೊಬ್ಬರ ಜನ್ಮದಿನ. ಅವರೇ ಡಾಕ್ಟರ್ ಪಲ್ಪು. ಹುಟ್ಟಿದ್ದು ತಿರುವನಂತಪುರದಲ್ಲಿ, ದುಡಿದದ್ದು ಮೈಸೂರು ಸಂಸ್ಥಾನದಲ್ಲಿ. ಮಲೆಯಾಳಿಗಳು ಅವರನ್ನು ಮರೆತಿಲ್ಲ. ಕನ್ನಡಿಗರಾದ ನಮಗೆ ಅವರ ಪರಿಚಯ ಸಾಲದು.

ಅವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳಹೊರಟಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಊರು ಬಿಟ್ಟು ಕೆಲಸಕ್ಕೆಂದು ಇಲ್ಲಿಗೆ ಬರುವ ನಮ್ಮ ತರುಣರು ಕೈತುಂಬ ಸಂಬಳ ಬರತೊಡಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳುವುದುಂಟು. ಬಾಳಿಗೆ ಒಂದು ಗುರಿ ಬೇಡವೇ, ಬೇಕಾದರೆ ಅದನ್ನು ಎಲ್ಲಿ ಹುಡುಕಬೇಕು ಎಂಬುದೇ ಆ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇದಕ್ಕೆ ಸಮಾಧಾನ ಇರಬಹುದು. ನಮಗಾದರೋ ಒಬ್ಬ ಮನುಷ್ಯನ ಬಾಳನ್ನು ಮುಂದಿಟ್ಟು ನೋಡುವುದೇ ಸುಲಭವಾದ ದಾರಿಯೆಂದು ತೋರಿತು.

ಪಲ್ಪು ಅವರು 1863ರಲ್ಲಿ ತಿರುವನಂತಪುರದ ಪೇಟ್ಟ ಎಂಬಲ್ಲಿ ಈಳವ ಮನೆತನವೊಂದರಲ್ಲಿ ಹುಟ್ಟಿದರು. ಈಳವರು ಸಂಖ್ಯೆಯಲ್ಲಿ ದೊಡ್ಡ ಜನಾಂಗ. ಬೇಸಾಯ, ನಾರಿನ ಕೆಲಸ, ನೇಯ್ಗೆ, ಕಳ್ಳಿಳಿಸುವುದು ಮುಂತಾದ ಕಸುಬುಗಳು ಅವರವು. ನಾಟಿವೈದ್ಯದಲ್ಲಿಯೂ ಸಂಸ್ಕೃತದಲ್ಲಿಯೂ ಪಳಗಿದವರು ಅವರಲ್ಲಿದ್ದರು. ಆದರೂ ದೇವಸ್ಥಾನಗಳೂ ಅವುಗಳ ಸುತ್ತಿನ ಬೀದಿಗಳೂ ಅವರಿಗೆ ಮುಚ್ಚಿದ್ದವು; ಸರ್ಕಾರದ ಕಚೇರಿಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಪಲ್ಪು ಅವರ ಅಣ್ಣ ವೇಲಾಯುಧನ್ ಬಿ.ಎ. ಪಾಸು ಮಾಡಿದರೂ ತಿರುವಾಂಕೂರು ಅವರಿಗೆ ಉದ್ಯೋಗ ಕೊಡಲಿಲ್ಲ. ಅವರು ಮದರಾಸು ಸರ್ಕಾರದ ನೌಕರಿಗೆ ಹೋಗಬೇಕಾಯಿತು.

ತಮ್ಮನಿಗೂ ಅದೇ ಗತಿಯಾಯಿತು. ತಿರುವಾಂಕೂರಿನಲ್ಲಿ ವೈದ್ಯವಿದ್ಯಾಭ್ಯಾಸಕ್ಕಾಗಿ ನಡೆದ ಪರೀಕ್ಷೆಯಲ್ಲಿ ಪಲ್ಪು ಮೇಲಿನ ಸ್ಥಾನಗಳಲ್ಲೊಂದನ್ನು ಪಡೆದರೂ ಪ್ರವೇಶ ಸಿಗಲಿಲ್ಲ. ಅಡ್ಡ ಬಂದದ್ದು ಜಾತಿ. ಅವರು ಮದರಾಸಿಗೆ ಹೋಗಿ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿ ಪಡೆದರು. ಪದವಿ ಹಿಡಿದು ಹುಟ್ಟೂರಿನ ಸರ್ಕಾರಕ್ಕೆ ಮತ್ತೆ ಅರ್ಜಿ ಹಾಕಿದರು. ಮತ್ತೆ ಇಲ್ಲವೆಂಬ ಉತ್ತರವೇ ಬಂತು. ಆಗ ಅವರು ಮದರಾಸಿನಲ್ಲಿ ಕೆಲವು ಕಾಲ ಕೆಲಸ ಮಾಡಿ ಮೈಸೂರು ಸಂಸ್ಥಾನದ ವೈದ್ಯಕೀಯ ಇಲಾಖೆಯನ್ನು ಸೇರಿದರು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್, ಅವರೂ ಪಾಲಕ್ಕಾಡಿನ ಕಡೆಯವರೇ. ತನ್ನ ಊರು ಬೇಡವೆಂದ ವೈದ್ಯನಿಗೆ ನಮ್ಮ ನಾಡು ಕೆಲಸ ಕೊಟ್ಟಿತೆಂದು ನಾವು ಹೆಮ್ಮೆಪಡಬಹುದು. ಆದರೆ ಆ ಹೆಮ್ಮೆಗೆ ಮಿತಿಯಿರಲಿ. ಮೈಸೂರಿನಲ್ಲಿಯೂ ಉದ್ಯೋಗಗಳು ಕೆಲವೇ ಜಾತಿಗಳವರ ಕೈಯಲ್ಲಿದ್ದವು. ಅದನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಷ್ಟು ತಡವಾಗಿ. ಹೊರಗಿನಿಂದ ಬಂದ ಅಧಿಕಾರಿಗಳ ವಿಷಯದಲ್ಲಿ ಮೈಸೂರಿಗರಿಗೆ ಅಸಮಾಧಾನವೂ ಇತ್ತು. ಪಲ್ಪು ಅವರೂ ಆ ಹೊರಗಿನವರಲ್ಲಿ ಒಬ್ಬರು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ತರುಣ ವೈದ್ಯನಿಗೆ ಆಗಿದ್ದ ಅನ್ಯಾಯ ಮೈಸೂರಿನಲ್ಲಿ ಪರಿಹಾರವಾಯಿತು. ಕೈಯಲ್ಲಿ ಉದ್ಯೋಗವಿತ್ತು, ಬೆಂಗಳೂರಿನಂಥ ತಂಪಾದ ಊರಿನಲ್ಲಿ ಸಂಸಾರವಿತ್ತು, ಸಮಾಜದಲ್ಲಿ ಗೌರವವಿತ್ತು. ತಾನು ಬಚಾವಾದೆನಲ್ಲ ಎಂದು ಅವರು ಸುಮ್ಮನಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅನ್ಯಾಯ ಅನುಭವಿಸಿದವರು ಲಕ್ಷಾಂತರ ಮಂದಿ. ತಮ್ಮ ಅನ್ಯಾಯ ತೀರಿದ ಮೇಲೂ ಅದನ್ನು ಮರೆಯದವರು ಎಷ್ಟು ಮಂದಿ?

ಪಲ್ಪು ಮರೆಯಲಿಲ್ಲ. 1891ರ ಜನವರಿಯಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಮಲೆಯಾಳಿ ಮೆಮೋರಿಯಲ್ ಎಂಬ ಮನವಿ ಸಲ್ಲಿಕೆಯಾಯಿತು. ಸಂಸ್ಥಾನದ ಉದ್ಯೋಗಗಳು ಹೊರಗಿನವರಿಗೆ ಹೋಗುತ್ತಿವೆ, ಅವು ನಾಡಿಗರಿಗೆ ಸಿಗಬೇಕೆಂಬುದು ಅದರ ಕೋರಿಕೆ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ರುಜು ಹಾಕಿದ್ದ ಆ ಮನವಿಯಲ್ಲಿ ಪಲ್ಪು ಅವರ ರುಜು ಮೊದಮೊದಲಿನವುಗಳಲ್ಲಿತ್ತು. ಸರ್ಕಾರದ ಉತ್ತರ ಈಳವರ ಪಾಲಿಗೆ ಕಹಿಯಾಗಿತ್ತು. ಅವರು ವಿದ್ಯೆಯಲ್ಲಿ ಹಿಂದುಳಿದವರು, ಕುಲಕಸುಬಿನಲ್ಲಿಯೇ ಇರುವುದು ಅವರಿಗೆ ಲೇಸು ಎಂಬುದು ಅದರ ತಾತ್ಪರ್ಯ. ಅದನ್ನು ಬೆಂಗಳೂರಿನಲ್ಲಿ ಓದಿದ ಪಲ್ಪು ಮದರಾಸಿನ ವೈದ್ಯಪದವೀಧರ, ಅವರ ಅಣ್ಣ ಬಿ.ಎ.; ಉತ್ತರ ಬರೆದವರಿಗೆ ಇದೊಂದೂ ಕಾಣಲಿಲ್ಲ.

ಅಲ್ಲಿಂದ ಮುಂದೆ ಈ ಕೆಲಸ ಅವರನ್ನು ಬಿಡಲಿಲ್ಲ. 1895ರಲ್ಲಿ ದಿವಾನರಿಗೆ ತಾವೇ ಅರ್ಜಿ ಬರೆದರು. ಫಲ ಕಾಣದಿರಲು, ರಜೆಯಲ್ಲಿ ಊರಿಗೆ ಬಂದು ಜನರಿಂದ ರುಜು ಕೂಡಿಸಿದರು. 1896ರ ಸೆಪ್ಟೆಂಬರ್ 3ರಂದು 13,176 ಮಂದಿಯ ರುಜುವಿನೊಡನೆ ಈಳವ ಮೆಮೋರಿಯಲ್ ಮಹಾರಾಜರಿಗೆ ಸಲ್ಲಿತು. ಅದು ಕೇಳಿದ್ದು ಹೆಚ್ಚೇನಲ್ಲ: ಮಕ್ಕಳಿಗೆ ಸರ್ಕಾರಿ ಶಾಲೆ, ಓದಿದವರಿಗೆ ಸರ್ಕಾರಿ ಕೆಲಸ. ಇವೆಲ್ಲವನ್ನೂ ಕೂಡಿಸಿ ಪಲ್ಪು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಬ್ಯಾರಿಸ್ಟರ್ ಜಿ. ಪಿ. ಪಿಳ್ಳೆಯವರ ನೆರವಿನಿಂದ ಈ ಮಾತು ಕಾಂಗ್ರೆಸ್ಸಿನ ವೇದಿಕೆಗೂ ಲಂಡನ್ನಿನ ಪಾರ್ಲಿಮೆಂಟಿಗೂ ಮುಟ್ಟುವಂತೆ ಮಾಡಿದರು. ಉತ್ತರ ಮಾತ್ರ ಮೊದಲಿನದೇ.

ಇದೇ ಕಾಲದಲ್ಲಿ ಗುರಿಯನ್ನು ಹುಡುಕಿಯೇ ದೇಶ ಸುತ್ತುತ್ತಿದ್ದ ಮಹಾಪುರುಷರೊಬ್ಬರು ಬೆಂಗಳೂರಿಗೆ ಬಂದರು. ಅವರೇ ಸ್ವಾಮಿ ವಿವೇಕಾನಂದರು. 1892ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲವು ದಿನ ಇದ್ದು, ಅಲ್ಲಿಂದ ಕೊಚ್ಚಿಗೂ ತಿರುವನಂತಪುರಕ್ಕೂ ಹೋಗಿ, ಕಡೆಗೆ ಕನ್ಯಾಕುಮಾರಿಯನ್ನು ತಲಪಿದರು. ಎರ್ಣಾಕುಳದಲ್ಲಿ ಚಟ್ಟಂಬಿ ಸ್ವಾಮಿಗಳನ್ನು ಕಂಡದ್ದು ಈ ಯಾತ್ರೆಯಲ್ಲಿಯೇ. ಬೆಂಗಳೂರಿನಲ್ಲಿ ಪಲ್ಪು ಅವರು ಸ್ವಾಮಿಗಳನ್ನು ಕಂಡು ತಮ್ಮ ಜನರ ಸ್ಥಿತಿಯನ್ನು ಹೇಳಿಕೊಂಡರೆಂದೂ, ನಿಮ್ಮವರಲ್ಲಿಯೇ ಒಬ್ಬ ಧರ್ಮಪುರುಷನನ್ನು ಮುಂದಿಟ್ಟುಕೊಂಡು ಜನರನ್ನು ಒಗ್ಗೂಡಿಸಿರೆಂಬ ಅರ್ಥದ ಸಲಹೆ ಸಿಕ್ಕಿತೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಒಬ್ಬರು ಗುರಿಗಾಗಿ ಕನ್ಯಾಕುಮಾರಿಯವರೆಗೆ ನಡೆದರು. ಇನ್ನೊಬ್ಬರಿಗೆ ಅದು ಕಚೇರಿಯಿಂದ ಹಿಂದಿರುಗಿದ ಅರ್ಜಿಯ ರೂಪದಲ್ಲಿ ಬಂದಿತ್ತು. ಅವರಿಗೆ ಬೇಕಾಗಿದ್ದುದು ದಾರಿ ಮಾತ್ರ.

ಆ ಧರ್ಮಪುರುಷರು ಶ್ರೀ ನಾರಾಯಣ ಗುರುಗಳು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಗುರುಗಳನ್ನು ಕನ್ನಡಿಗರು ಅರಿಯದವರಲ್ಲ. ಅವರು ಹುಟ್ಟಿದ ಚೆಂಬಳಂದಿ ತಿರುವನಂತಪುರಕ್ಕೆ ಸಮೀಪದ ಊರು. 1888ರಲ್ಲಿ ಅರುವಿಪ್ಪುರದ ಹೊಳೆಯ ದಡದಲ್ಲಿ ಶಿವಲಿಂಗವನ್ನು ಸ್ಥಾಪಿಸಿದ್ದ ಗುರುಗಳ ಸುತ್ತ ಚಿಕ್ಕದೊಂದು ಭಕ್ತಮಂಡಲಿ ಬೆಳೆದಿತ್ತು. ಅದೇ ಬೇರಿನಿಂದ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗ ಹುಟ್ಟಿತು. ಗುರುಗಳು ಅಧ್ಯಕ್ಷರು, ಕವಿ ಕುಮಾರನ್ ಆಶಾನ್ ಕಾರ್ಯದರ್ಶಿ. ಬೆನ್ನೆಲುಬಾಗಿ ನಿಂತವರು ಬೆಂಗಳೂರಿನ ಡಾಕ್ಟರು. ಮುಂದೆ ಮಲೆಯಾಳದ ಮಹಾಕವಿಯಾದ ಆಶಾನರು ತರುಣರಾಗಿದ್ದಾಗ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಓದಿದ್ದೂ ಪಲ್ಪು ಅವರ ಆಶ್ರಯದಲ್ಲಿಯೇ ಎಂಬುದನ್ನು ನಾವು ನೆನೆಯಬೇಕು.

ಆ ಓದು 1898ರಲ್ಲಿ ನಿಂತುಹೋಯಿತು, ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಪ್ಲೇಗಿನ ಅಮ್ಮನಿಗೆ ಗುಡಿಗಳೆದ್ದವು. ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದುದಕ್ಕೂ ಆ ಕಾಲದ ಭಯವೇ ಒಂದು ಕಾರಣ. ಆಗ ಪ್ಲೇಗಿನ ಶಿಬಿರಗಳಲ್ಲಿ ರೋಗಿಗಳ ನಡುವೆ ನಿಂತು ದುಡಿದ ವೈದ್ಯರಲ್ಲಿ ಪಲ್ಪು ಒಬ್ಬರು. ಅನಂತರ ಅವರು ಯೂರೋಪಿಗೆ ಹೋಗಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿತು ಬಂದು ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾದರು.

ನಮಗೆ ಇಲ್ಲಿ ಕಾಣುವ ವಿಶೇಷವೊಂದುಂಟು. ಪ್ಲೇಗಿನ ಶಿಬಿರದಲ್ಲಿ ಮಲಗಿದ್ದವರು ಈಳವರಲ್ಲ, ಮಲೆಯಾಳಿಗಳೂ ಅಲ್ಲ. ದೊಡ್ಡ ಗುರಿಯೊಂದಿದೆಯೆಂದು ಹೇಳಿ ಅಂದಂದಿನ ಕೆಲಸವನ್ನು ಹಗುರಾಗಿ ನೋಡುವವರನ್ನು ನಾವು ಕಂಡಿದ್ದೇವೆ. ಪಲ್ಪು ಹಾಗೆ ಮಾಡಲಿಲ್ಲ. ಸಂಬಳ ತಿಂದ ಊರಿನ ರೋಗಿಗೆ ಮದ್ದು ಕೊಡುವುದೂ ಹುಟ್ಟಿದ ಊರಿನ ಮಗುವಿಗೆ ಶಾಲೆ ಕೇಳುವುದೂ ಅವರಿಗೆ ಒಂದೇ ಬಗೆಯ ಕರ್ತವ್ಯವಾಗಿದ್ದವು. ತಮ್ಮ ಸಂಪಾದನೆಯ ಬಹುಭಾಗವನ್ನು ಅವರು ಎರಡನೆಯದಕ್ಕೆ ವೆಚ್ಚ ಮಾಡಿದರು.

ಈ ಗಾಳಿ ಕೊಚ್ಚಿ ಸಂಸ್ಥಾನದಲ್ಲಿಯೂ ಬೀಸಿತು. 1913ರಲ್ಲಿ ಪುಲಯರು ಎರ್ಣಾಕುಳದ ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಅದರ ಮೇಲೆಯೇ ಸಭೆ ಸೇರಿದರು. ಸೇರಲು ಅವರಿಗೆ ನೆಲ ಸಿಕ್ಕಿರಲಿಲ್ಲ. ಅವರಿಗೆ ಬೆಂಬಲವಾಗಿದ್ದವರು ಪಂಡಿತ ಕರುಪ್ಪನ್. 1917ರಲ್ಲಿ ಚೆರಾಯಿಯಲ್ಲಿ ಅಯ್ಯಪ್ಪನ್ ಎಂಬ ಈಳವ ತರುಣರು ಪುಲಯರೊಡನೆ ಕುಳಿತು ಸಹಭೋಜನ ನಡೆಸಿದರು. ಸ್ವಜಾತಿಯವರೇ ಅವರನ್ನು ಹೊರಗಿಟ್ಟು ಪುಲಯನ್ ಅಯ್ಯಪ್ಪನ್ ಎಂದು ಹಂಗಿಸಿದರು. ಅವರು ಆ ಹೆಸರನ್ನು ಬಿರುದಿನಂತೆ ಹೊತ್ತರು. ಇಂದು ಕೊಚ್ಚಿಯ ಹಿನ್ನೀರನ್ನು ದೋಣಿಯಲ್ಲಿ ದಾಟುವ ನಾವು ಆ ಸಭೆಯ ನೆನಪಿಲ್ಲದೆಯೇ ದಾಟುತ್ತೇವೆ.

ಹೊರಗಿಟ್ಟವರು ಈಳವರೇ ಎಂಬುದನ್ನು ಗಮನಿಸಬೇಕು. ಗುರಿಗೂ ಒಂದು ಅಪಾಯವುಂಟು. ನಮಗಾದ ಅನ್ಯಾಯವನ್ನು ತೊಡೆಯಲು ಹೊರಟವರು ನಮಗಿಂತ ಕೆಳಗಿನವರಿಗೆ ಅದನ್ನೇ ಮಾಡಬಹುದು. 1916ರಲ್ಲಿಯೇ ನಾರಾಯಣ ಗುರುಗಳು ಯೋಗದಿಂದ ದೂರ ಸರಿದರು. ಅದಕ್ಕೆ ಜಾತಿಯಭಿಮಾನ ಏರಿದೆಯೆಂಬ ಬೇಸರದ ಪತ್ರವನ್ನು ಬರೆದದ್ದು ಪಲ್ಪು ಅವರಿಗೇ. ಕೈಯಾರೆ ಕಟ್ಟಿದ ಸಂಸ್ಥೆಯನ್ನು ಕುರಿತು ಪೂಜ್ಯ ಗುರುವಿನಿಂದ ಅಂಥ ಪತ್ರ ಪಡೆಯುವುದು ಎಷ್ಟು ಕಠಿಣವೆಂಬುದನ್ನು ಸಂಘಸಂಸ್ಥೆ ನಡೆಸಿದವರು ಊಹಿಸಬಲ್ಲರು. ಗುರಿ ಸಿಕ್ಕಿದರಾಯಿತೆಂದು ಕಣ್ಣು ಮುಚ್ಚುವಂತಿಲ್ಲ. ಅದು ಎತ್ತ ಸಾಗಿದೆಯೆಂದು ಆಗಾಗ ನೋಡುತ್ತಿರಬೇಕು.

ಹಾಗಾದರೆ ಹುಡುಕುವುದೇ ತಪ್ಪೋ? ಹಾಗೆಂದು ನಾವು ಹೇಳುವುದಿಲ್ಲ. ಪಲ್ಪು ಅವರ ಮಗ ನಟರಾಜನ್ 1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕೊರತೆಯಿಲ್ಲದೆ ಬೆಳೆದವರು. ತಂದೆಯ ಬಾಗಿಲು ತಟ್ಟಿದಂತೆ ಅವರ ಬಾಗಿಲನ್ನು ಅಪಮಾನ ತಟ್ಟಲಿಲ್ಲ. ಅವರು ಹುಡುಕಿದರು, ನಾರಾಯಣ ಗುರುಗಳ ಶಿಷ್ಯರಾಗಿ, ಪ್ಯಾರಿಸ್ಸಿನಲ್ಲಿ ಓದಿ, ನಟರಾಜ ಗುರು ಎಂದು ಹೆಸರಾದರು. ನೀಲಗಿರಿಯಲ್ಲಿ ಅವರು ಸ್ಥಾಪಿಸಿದ ನಾರಾಯಣ ಗುರುಕುಲ ಇಂದಿಗೂ ಇದೆ. ತಂದೆಯ ಗುರಿ ಮಗನಿಗೆ ಆಸ್ತಿಯಂತೆ ಬರಲಿಲ್ಲ. ಹುಡುಕುವವರು ಹುಡುಕಲಿ, ಆದರೆ ಹುಡುಕಾಟದ ಭರದಲ್ಲಿ ಬಾಗಿಲು ತಟ್ಟುತ್ತಿರುವವರ ಸದ್ದು ಕಿವಿಗೆ ಬೀಳದಂತೆ ಆಗಬಾರದು.

ಪಲ್ಪು ದೀರ್ಘಾಯುಗಳು. ತಿರುವಾಂಕೂರಿನ ಸರ್ಕಾರಿ ಶಾಲೆಗಳೂ ಕಚೇರಿಗಳೂ ಒಂದೊಂದಾಗಿ ತೆರೆದುದನ್ನು ಕಂಡರು. 1936ರ ನವೆಂಬರ್ 12ರಂದು ಶ್ರೀ ಚಿತ್ತಿರ ತಿರುನಾಳ್ ಮಹಾರಾಜರು ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆದಾಗ ಅವರಿಗೆ 73 ವರ್ಷ. 1949ರಲ್ಲಿ ತಿರುವಾಂಕೂರೂ ಕೊಚ್ಚಿಯೂ ಒಂದಾದುದನ್ನೂ ಕಂಡು, 1950ರ ಜನವರಿ 25ರಂದು ಕಣ್ಣು ಮುಚ್ಚಿದರು. ಮಾರನೆಯ ಬೆಳಗ್ಗೆ ಭಾರತದ ಸಂವಿಧಾನ ಜಾರಿಗೆ ಬಂತು. ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶವೆಂದು ಅದರ 16ನೆಯ ವಿಧಿ ಹೇಳುತ್ತದೆ. ಅಸ್ಪೃಶ್ಯತೆಯನ್ನು 17ನೆಯ ವಿಧಿ ರದ್ದುಗೊಳಿಸುತ್ತದೆ. ಅರ್ಜಿಯೊಡನೆ ಅಲೆದ ತರುಣ ವೈದ್ಯ ಕೇಳಿದ್ದು ಅಷ್ಟನ್ನೇ.

ಕೆಲಸ ಅರಸಿ ಹೊರನಾಡಿಗೆ ಬಂದವರು ನಾವು. ಪಲ್ಪು ಕೂಡ ಹಾಗೆ ನಮ್ಮ ನಾಡಿಗೆ ಬಂದವರೇ. ಬಂದ ಊರಿನ ಋಣವನ್ನೂ ಬಿಟ್ಟು ಬಂದ ಊರಿನ ಋಣವನ್ನೂ ಅವರು ಒಟ್ಟಿಗೆ ತೀರಿಸಿದರು. ಬಾಳಿನ ಗುರಿ ಯಾವುದೆಂದು ಕೇಳುವ ತರುಣ ಮಿತ್ರರು ದೂರದ ಬೆಟ್ಟವನ್ನು ಹತ್ತುವ ಮುನ್ನ ಒಮ್ಮೆ ಯೋಚಿಸಲಿ: ಹಿಂದೆ ನಮಗೆ ನೋವು ಕೊಟ್ಟು ಈಗ ನಮ್ಮ ಪಾಲಿಗೆ ತೀರಿಹೋಗಿರುವ ತೊಂದರೆ ಯಾವುದು? ಅದೇ ತೊಂದರೆಯಲ್ಲಿ ಇನ್ನೂ ನಿಂತಿರುವವರು ಯಾರು? ಅವರ ವಿಳಾಸ ಪತ್ತೆಹಚ್ಚುವುದು ಅಷ್ಟೇನೂ ಕಷ್ಟವಾಗಲಾರದೆಂದು ನಮ್ಮ ನಂಬಿಕೆ.