ಅಡಿಕೆ ಕೊಳೆರೋಗಕ್ಕೆ ಮದ್ದು ತೋರಿಸಿಕೊಟ್ಟ ಕೆನಡಾ ವಿಜ್ಞಾನಿ ಲೆಸ್ಲಿ ಕೋಲ್ಮನ್

ಮುಂಗಾರು ಶುರುವಾಯಿತೆಂದರೆ ಮುಂಬೈ, ಪುಣೆಯಲ್ಲಿರುವ ಮಲೆನಾಡಿಗರು ಊರಿಗೆ ಫೋನ್ ಮಾಡಿ ಮೊದಲು ಕೇಳುವುದು ಅಡಿಕೆಗೆ ಮದ್ದು ಹೊಡೆದಾಯಿತೇ ಎಂದು. ಈ ಮದ್ದನ್ನು ಮೈಸೂರು ಸಂಸ್ಥಾನದ ತೋಟಗಳಿಗೆ ತಂದವರು ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಬಂದರು. ಅವರ ಮುಂದಿದ್ದ ದೊಡ್ಡ ಸವಾಲು ಅಡಿಕೆಯ ಕೊಳೆರೋಗ.

ಮಳೆ ಬಿಡದೆ ಸುರಿದರೆ ಎಳೆಗಾಯಿಗಳು ಕೊಳೆತು ಉದುರುತ್ತಿದ್ದವು. ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಡೆಯುವುದೊಂದೇ ರೈತರಿಗೆ ಗೊತ್ತಿದ್ದ ದಾರಿ. ಮರ ಮರ ಹತ್ತಿ ಕಟ್ಟುವ ಆ ಕೆಲಸಕ್ಕೆ ಆಳು, ಸಮಯ ಎರಡೂ ಬೇಕಿತ್ತು.

ರೋಗದ ಮೂಲ ಮಳೆಯಲ್ಲ, ಮಳೆಯಲ್ಲಿ ಹರಡುವ ಶಿಲೀಂಧ್ರ ಎಂಬುದು ಕೋಲ್ಮನ್ ಅಧ್ಯಯನದ ಸಾರ. 1910ರಲ್ಲಿ ಅದರ ವರದಿ ಪ್ರಕಟವಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಅವರು ಅಡಿಕೆಗೆ ಒಗ್ಗಿಸಿದರು. ಬೇಕಾದದ್ದು ಮೈಲುತುತ್ತ, ಸುಣ್ಣ ಮತ್ತು ನೀರು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸಲಾಯಿತು.

ವರದಿ ಬರೆದ ಮಾತ್ರಕ್ಕೆ ರೈತ ನಂಬುವುದಿಲ್ಲ. ಹಾಗಾಗಿ ತೋಟಗಳಲ್ಲೇ ಸಿಂಪಡಣೆ ಮಾಡಿ ತೋರಿಸಲಾಯಿತು. ಮದ್ದು ಹೊಡೆದ ಮರದಲ್ಲಿ ಕಾಯಿ ನಿಂತದ್ದನ್ನು ರೈತರು ಕಣ್ಣಾರೆ ಕಂಡರು. ತಾವೇ ಕದಡಿಕೊಳ್ಳಬಹುದಾದ ಮದ್ದು ಇದಾದ್ದರಿಂದ ತೋಟದಿಂದ ತೋಟಕ್ಕೆ ಹಬ್ಬಿತು.

ಮುಂದೆ ಕೋಲ್ಮನ್ ಸಂಸ್ಥಾನದ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದವು. ರಾಗಿ ತಳಿ ಸುಧಾರಣೆಯಲ್ಲೂ, ಮಂಡ್ಯದ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ಶ್ರಮವಿತ್ತು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ತೀರಿಕೊಂಡರು.

ಈಗ ಕೃಷಿ ಸಲಹೆ ಮೊಬೈಲ್‌ಗೇ ಬರುತ್ತದೆ. ಆದರೂ ತನ್ನ ಮಣ್ಣಿಗೆ, ತನ್ನ ಮಳೆಗೆ ಅದು ಹೊಂದುತ್ತದೆಯೇ ಎಂಬ ರೈತನ ಪ್ರಶ್ನೆ ಹಾಗೆಯೇ ಇದೆ. ಅದಕ್ಕೆ ಉತ್ತರ ಸಿಗುವುದು ತೋಟದಲ್ಲೇ ಎಂಬುದನ್ನು ಕೋಲ್ಮನ್ ನೂರು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದರು. ಈ ಮಳೆಗಾಲದಲ್ಲೂ ಮಲೆನಾಡಿನ ಅಡಿಕೆ ಕೊನೆಗಳ ಮೇಲೆ ಬೀಳುವುದು ಅದೇ ಮೈಲುತುತ್ತ, ಸುಣ್ಣದ ನೀಲಿ ನೀರು.